ಪ್ಲೈವುಡ್ ಚಿಕ್ಕಪ್ಪ

ಬಡಗಿಗೆ ಸಂಗೀತದ ಗಂಧಗಾಳಿ ಇಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ಕಷ್ಟಪಟ್ಟು ಕಂಡುಹಿಡಿದದ್ದಲ್ಲ, ಅವನೇ ಹೇಳಿಕೊಂಡು ತಿರುಗುತ್ತಿದ್ದ. "ನನ್ನ ಕಿವಿಗೂ ಬಾಗಿಲ ಹಿಡಿಗೂ ಏನೂ ವ್ಯತ್ಯಾಸ ಇಲ್ಲ ಕಣ್ರೀ" ಎಂದು ಎಲ್ಲರೆದುರು ನಗುತ್ತಿದ್ದ. ಅಂಥವನಿಗೆ ಸಿಕ್ಕ ಹೆಂಡತಿಯೋ, ಡಬಲ್ ಬೇಸ್ ಬಾರಿಸುವವಳು!

ಡಬಲ್ ಬೇಸ್ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅದು ಪಿಟೀಲಿನ ಮನೆತನದ್ದೇ. ಆದರೆ ಆಳಿಗಿಂತ ಎತ್ತರ, ಬೀರುವಿನಷ್ಟು ಮೈ. ಭುಜಕ್ಕೇರಿಸುವ ಮಾತೇ ಇಲ್ಲ. ನೆಲಕ್ಕೆ ನಿಲ್ಲಿಸಿ, ಪಕ್ಕದಲ್ಲಿ ತಬ್ಬಿಕೊಂಡು ನಿಂತು, ಬೆರಳಿನಿಂದ ಮೀಟಬೇಕು, ಇಲ್ಲವೇ ಕಮಾನು ಎಳೆಯಬೇಕು. ತಂತಿ ಒಂದೊಂದೂ ಚಪ್ಪಲಿ ಹೊಲಿಯುವ ದಾರಕ್ಕಿಂತ ದಪ್ಪ. ಹಾಡಿನಲ್ಲಿ ಅದು ಇದ್ದರೆ ಯಾರೂ ಗಮನಿಸುವುದಿಲ್ಲ. ಇಲ್ಲದಿದ್ದರೆ ಮಾತ್ರ ಮನೆಗೆ ನೆಲವೇ ಹಾಕಿಲ್ಲವೇನೋ ಅನಿಸುತ್ತದೆ. ಅವಳ ಗುರುಗಳು ಸಾಯುವ ಮುಂಚೆ ತಮ್ಮ ಬೇಸನ್ನು ಅವಳಿಗೇ ಕೊಟ್ಟು ಹೋಗಿದ್ದರು. ಇಡೀ ಮರದಲ್ಲಿ ಕೆತ್ತಿದ ಹಳೆಯ ವಾದ್ಯ. ಪಿಟೀಲಿನ ಅಣ್ಣನಿಗೂ ಅಣ್ಣ ಅಂತ ಮನೆಯಲ್ಲಿ ಅದಕ್ಕೆ ದೊಡ್ಡಪ್ಪ ಎಂದೇ ಹೆಸರು. "ದೊಡ್ಡಪ್ಪನಿಗೆ ಕಾಲು ತಗುಲೀತು, ನೋಡ್ಕೊಂಡು ನಡೀರಿ" ಎಂಬುದು ಆ ಮನೆಯ ದಿನದ ಮಾತು. ಬೀದಿಯ ಮಕ್ಕಳು ಅವಳನ್ನು ಗುಂಯಕ್ಕ ಅನ್ನುತ್ತಿದ್ದರು. ಅವಳು ಅದಕ್ಕೆ ಓಗೊಡುತ್ತಲೂ ಇದ್ದಳು.

ಮದುವೆಯಾಗಿ ಇಪ್ಪತ್ತೊಂದು ವರ್ಷ. ಅಷ್ಟೂ ವರ್ಷ ದೊಡ್ಡಪ್ಪನನ್ನು ಮನೆಯಿಂದ ವ್ಯಾನಿಗೆ, ವ್ಯಾನಿನಿಂದ ವೇದಿಕೆಗೆ ಹೊತ್ತವನು ಬಡಗಿಯೇ. ವೇದಿಕೆಯ ಮೇಲೆ ಇಟ್ಟು, ಬೆವರು ಒರೆಸಿಕೊಂಡು, ಅವನು ಎಲ್ಲೋ ಮಾಯವಾಗುತ್ತಿದ್ದ. ವ್ಯಾನಿನಲ್ಲಿ ಗೊರಕೆ ಹೊಡೆಯುತ್ತಾನೆ ಅಂತ ಅವಳು ತಿಳಿದಿದ್ದಳು. ವಾದ್ಯತಂಡದ ಪಿಯಾನೋದವರು, "ಪಾಪ, ಕೋಣನ ಮುಂದೆ ಕಿನ್ನರಿ ಬಾರಿಸೋದಕ್ಕಿಂತ ಅದು ಮಲಗಿದ್ದೇ ವಾಸಿ" ಎಂದು ತಮಾಷೆ ಮಾಡುತ್ತಿದ್ದರು. ಬಡಗಿಗೆ ಅದರಿಂದ ಒಂದಿಷ್ಟೂ ಬೇಜಾರಿರಲಿಲ್ಲ. ಕೋಣವೇ ಆದರೂ ಹೊರುವ ಕೋಣ ಅಲ್ಲವೇ, ಇರಲಿ.

ಇಷ್ಟು ಚೆನ್ನಾಗಿದ್ದ ಸಂಸಾರಕ್ಕೆ ಕಲ್ಲು ಹಾಕಿದ್ದು ಒಂದು ಡಬ್ಬಿ ಅಂಟು.

ಚಳಿಗಾಲದಲ್ಲಿ ದೊಡ್ಡಪ್ಪನ ಅಂಚಿನ ಕೀಲು ಒಂದು ಗೇಣು ಬಿಟ್ಟುಕೊಂಡಿತ್ತು. "ತಂತಿ ಮಾಮನ ಹತ್ರ ತಗೊಂಡು ಹೋಗೋಣ" ಅಂದಳು ಹೆಂಡತಿ. ತಂತಿ ಮಾಮ ಎಂದರೆ ವಾದ್ಯಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯ ಮುದುಕ. ಬಡಗಿಗೆ ಅಭಿಮಾನ ಕೆರಳಿತು. ಊರಿಗೆಲ್ಲ ಬಾಗಿಲು, ಬೀರು, ಮೇಜು ಮಾಡಿಕೊಡುವವನು, ಹೆಂಡತಿಯ ವಾದ್ಯದ ಒಂದು ಗೇಣು ಕೀಲಿಗೆ ಬೇರೆಯವನ ಬಾಗಿಲು ತಟ್ಟುವುದೇ? "ಇಷ್ಟಕ್ಕೆಲ್ಲ ಅವರ ಹತ್ರ ಯಾಕೆ? ನಾನೇನು ಸತ್ತಿದ್ದೀನಾ?" ಎಂದು, ತನ್ನಲ್ಲಿದ್ದ ಅಂಟಿನಲ್ಲೆಲ್ಲ ಗಟ್ಟಿಯಾದ ಅಂಟು ತೆಗೆದು, ಬಳಿದು, ಕ್ಲಾಂಪ್ ಹಾಕಿ ಬಿಗಿದ. ಮಾರನೇ ದಿನ ಬಿಚ್ಚಿ ತೋರಿಸಿದ. "ನೋಡು, ಇನ್ನು ಈ ಜನ್ಮದಲ್ಲಿ ಇದು ಬಿಡಲ್ಲ."

ಮಾತು ಸುಳ್ಳಾಗಲಿಲ್ಲ. ಕೀಲು ಬಿಡಲಿಲ್ಲ. ಬೇಸಿಗೆ ಬಂತು, ಮರ ಒಣಗಿ ಕುಗ್ಗಿತು. ಕುಗ್ಗುವ ಮರಕ್ಕೆ ಸರಿದಾಡಲು ಜಾಗ ಬೇಕು. ಕೀಲು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಒಂದು ಮಧ್ಯಾಹ್ನ ನಡುಮನೆಯಲ್ಲಿ ಛಟಾರ್ ಅಂತ ಸದ್ದಾಯಿತು. ಓಡಿ ಬಂದು ನೋಡಿದರೆ ದೊಡ್ಡಪ್ಪನ ಎದೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು.

"ಪಿಟೀಲಿನ ಜಾತಿಗೆ ತೊಗಲು ಬೇಯಿಸಿ ಮಾಡೋ ಅಂಟು ಹಾಕ್ತೀವಿ ಯಜಮಾನ್ರೇ" ಎಂದು ತಂತಿ ಮಾಮ ಆಮೇಲೆ ವಿವರಿಸಿದರು. "ಅದು ಬಡಪಾಯಿ ಅಂಟು. ಮರ ಎಳೆದಾಡಿದ್ರೆ ತಾನೇ ಬಿಟ್ಕೊಳ್ಳುತ್ತೆ, ಮರ ಉಳಿಯುತ್ತೆ. ಕೀಲು ಬಿಟ್ರೆ ಮತ್ತೆ ಅಂಟಿಸಬಹುದು. ಮರ ಸೀಳಿದ್ರೆ ಏನ್ ಮಾಡ್ತೀರಿ? ನೀವು ಬೀರುಗೆ ಹಾಕೋ ಅಂಟು ಹಾಕಿಬಿಟ್ರಿ." ರಿಪೇರಿಗೆ ಅವರು ಹೇಳಿದ ಹಣದಲ್ಲಿ ಒಂದು ಕೋಣೆಯನ್ನೇ ಕಟ್ಟಿಸಬಹುದಿತ್ತು.

ಹೆಂಡತಿ ಅವತ್ತು ಅಂದದ್ದು ಒಂದೇ ಮಾತು. "ಹೋಗ್ಲಿ ಬಿಡಿ."

ಅಯ್ಯೋ, ಬೈದಿದ್ದರೆ ಎರಡು ದಿನದಲ್ಲಿ ಮುಗಿದುಹೋಗುತ್ತಿತ್ತು! ಪಾತ್ರೆ ಎಸೆದಿದ್ದರೂ ಆಯ್ದುಕೊಂಡು ಬಂದು ಕೊಡುತ್ತಿದ್ದ. "ಹೋಗ್ಲಿ ಬಿಡಿ" ಎಂದವಳು ದೊಡ್ಡಪ್ಪನಿಗೆ ಒಂದು ಹಳೆಯ ಹೊದಿಕೆ ಹೊದಿಸಿ ಮೂಲೆಗಿಟ್ಟಳು, ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ನಾಲ್ಕು ತಿಂಗಳು. ಊಟಕ್ಕೆ ಬಡಿಸಿದಳು, ನಕ್ಕಳು, ಮಾತಾಡಿದಳು, ಎಲ್ಲ ಮೊದಲಿನ ಹಾಗೆ. ಬಡಗಿ ಮಾತ್ರ ಆ ಮೂಲೆಯ ಕಡೆ ತಿರುಗದೆ ಊಟ ಮುಗಿಸಿ ಏಳುತ್ತಿದ್ದ.

ಅವಳ ಹತ್ತಿರ ಮೂವರು ಕಲಿಯುತ್ತಿದ್ದರು: ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಹೆಂಗಸು, ನಿವೃತ್ತ ಅಂಚೆಯವರು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಒಬ್ಬಳು ಕಾಲೇಜು ಹುಡುಗಿ. ವಾದ್ಯವೇ ಇಲ್ಲದೆ ಏನು ಕಲಿಸುವುದು? ಮೂವರೂ ಮನೆಯಲ್ಲೇ ಕುಳಿತಿದ್ದರು. ವಾದ್ಯತಂಡದಲ್ಲಿ ಅವಳ ಜಾಗಕ್ಕೆ ಯಾರೋ ಒಬ್ಬನನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಹೋದ ವಾರ ಪಿಯಾನೋದವರು ಬಂದು, ಕಣ್ಣು ತಪ್ಪಿಸಿ, "ಮುಂದಿನ ಭಾನುವಾರದೊಳಗೆ ಏನಾದ್ರೂ ತೀರ್ಮಾನ ಹೇಳಮ್ಮ, ಅವನು ಕಾಯಂ ಮಾಡಿ ಅಂತ ಕೇಳ್ತಿದ್ದಾನೆ" ಅಂದು ಹೋದರು.

ಶುಕ್ರವಾರ ಬೆಳಿಗ್ಗೆ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಟು ನಿಂತಳು. ಕೈಯಲ್ಲಿ ಅವಳ ಉಳಿತಾಯದ ಲಕೋಟೆ. "ತಂತಿ ಮಾಮನ ಹತ್ರ ಪ್ಲೈವುಡ್ ಬೇಸ್ ಮೂರು ಬಂದಿವೆಯಂತೆ. ನೋಡೋಣ. ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಇವತ್ತಿಗೆ ಈ ಸಹವಾಸ ಸಾಕು. ಅಂಗಡಿಯಲ್ಲಿ ಬಿಲ್ ಬರೆಯೋ ಕೆಲಸ ಇದೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ, ಅಲ್ಲಿಗೆ ಹೋಗ್ತೀನಿ."

ಎಷ್ಟು ಸಲೀಸಾಗಿ ಅಂದುಬಿಟ್ಟಳು! ಗುಂಯಕ್ಕ ಬಿಲ್ ಬರೆಯುವುದೇ? ಬಡಗಿ ವ್ಯಾನಿನ ಬೀಗದ ಕೈ ತೆಗೆದುಕೊಂಡ.

ತಂತಿ ಮಾಮನ ಅಂಗಡಿ ಉದ್ದಕ್ಕೆ ಕೊರೆದ ಸುರಂಗದ ಹಾಗಿತ್ತು. ಮೇಲೆ ಸಾಲಾಗಿ ನೇತುಬಿದ್ದ ಪಿಟೀಲುಗಳು, ಕೆಳಗೆ ಮರದ ಹುಡಿ, ಎಲ್ಲೆಲ್ಲೂ ಹಳೆ ಮರದ ವಾಸನೆ. ಬೀದಿ ಕಡೆಯ ಗೋಡೆಗೆ ಒರಗಿ ಮೂರು ಬೇಸ್ ನಿಂತಿದ್ದವು.

"ಪ್ಲೈ ಅಂತ ಮೂಗು ಮುರೀಬೇಡ ತಂಗಿ" ಅಂದರು ತಂತಿ ಮಾಮ. ಎಪ್ಪತ್ತು ದಾಟಿದ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಅದನ್ನೇ ಹುಡುಕುವ ಜಾತಿ. "ಕಲಿಯೋರಿಗೂ ದುಡಿಯೋರಿಗೂ ಇದೇ ಸರಿ. ತೆಳು ಹಾಳೆ ಹಾಳೆ ಅಡ್ಡಡ್ಡ ಅಂಟಿಸಿರ್ತಾರಲ್ಲ, ಬಿಸಿಲಿಗೂ ಸೀಳಲ್ಲ, ಥಂಡಿಗೂ ಉಬ್ಬಲ್ಲ. ಗೋಡೆಗೆ ಗುದ್ದಿದ್ರೆ ಗೋಡೆಗೇ ಪೆಟ್ಟು."

"ನಂಗೆ ಗೊತ್ತು ಮಾಮ" ಅಂದಳು ಅವಳು. "ಪ್ಲೈ ಅಂದ್ರೆ ಬೀರು ಮಾಡೋಕೆ ಮಾತ್ರ ಲಾಯಕ್ಕು ಅಂತ ಇಪ್ಪತ್ತು ವರ್ಷದಿಂದ ಇವರನ್ನ ಹಂಗಿಸ್ತಾ ಬಂದಿದ್ದೀನಿ. ಈಗ ನನ್ನ ಮಾತು ನಾನೇ ನುಂಗಬೇಕು."

ಮೊದಲನೆಯದು ಹೊಚ್ಚ ಹೊಸದು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ತಂತಿಯ ಕೆಳಗಿನ ಬೆರಳುಹಲಗೆ ಕಾಡಿಗೆಯಂತೆ ಕಪ್ಪು. ಅವಳು ಎರಡು ಸ್ವರ ಮೀಟಿ "ಪರವಾಗಿಲ್ಲ" ಅನ್ನುವಷ್ಟರಲ್ಲಿ ಬಡಗಿ ಮೆಲ್ಲಗೆ ಹತ್ತಿರ ಬಂದ. ಇಲ್ಲಿ ಬಾಯಿ ಹಾಕುವ ಯೋಗ್ಯತೆ ತನಗಿಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೆ ಮರ ಕಂಡರೆ ಕೈ ಸುಮ್ಮನಿರಬೇಕಲ್ಲ. ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಬೆರಳುಹಲಗೆಯ ಮೇಲೆ ನಾಲ್ಕು ಸಲ ಉಜ್ಜಿದ. ಬಿಳಿ ಕರವಸ್ತ್ರ ಕಪ್ಪಾಯಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಕರಿಮರವೂ ಅಲ್ಲ" ಎಂದ. "ಯಾವುದೋ ಮೆತ್ತನೆ ಮರಕ್ಕೆ ಬಣ್ಣ ಬಳಿದಿದ್ದಾರೆ. ಒಂದು ವರ್ಷ ತಂತಿ ಒತ್ತಿದ್ರೆ ಗಾಡಿ ದಾರಿ ಬೀಳುತ್ತೆ."

ತಂತಿ ಮಾಮ ಹಣೆ ಚಚ್ಚಿಕೊಂಡರು. "ನಾನೇ ಹೇಳೋಣ ಅಂತಿದ್ದೆ ಯಜಮಾನ್ರೇ!"

"ಯಾವಾಗ ಮಾಮ, ವ್ಯಾನಿಗೆ ಹಾಕಿದ ಮೇಲಾ?" ಅಂದಳು ಅವಳು. ಮೂವರೂ ನಕ್ಕರು. ಹೆಂಡತಿ ತನ್ನ ಕಡೆ ತಿರುಗಿ ನಕ್ಕದ್ದು ಬಡಗಿಗೆ ಹಿತವಾಯಿತು.

ಎರಡನೆಯದು ಅರ್ಧ ಪ್ಲೈ. ಬೆನ್ನು, ಪಕ್ಕೆ ಪ್ಲೈವುಡ್. ಎದೆ ಮಾತ್ರ ಇಡೀ ಮರ. ಅವಳು ಕಮಾನು ತೆಗೆದುಕೊಂಡು ಕೆಳಗಿನ ತಂತಿಯ ಮೇಲೆ ನಿಧಾನವಾಗಿ ಎಳೆದಳು. ಸದ್ದು ಹೇಗಿತ್ತೋ ಬಡಗಿಗೆ ಗೊತ್ತಿಲ್ಲ, ಅವನು ನೋಡಿದ್ದು ಅವಳ ಮುಖವನ್ನು. ಕಣ್ಣು ಮುಚ್ಚಿತ್ತು. ತುಟಿಯ ಒಂದು ಕೊನೆ ಮೇಲೆದ್ದಿತ್ತು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಆ ಮುಖ ಯಾರೂ ನೋಡಿರಲಿಲ್ಲ.

"ಇದೇ ತಗೊಳ್ಳೋಣ" ಅಂದುಬಿಟ್ಟ.

"ಬೆಲೆ ಕೇಳಿ ಮೊದ್ಲು."

ತಂತಿ ಮಾಮ ಬೆಲೆ ಹೇಳಿದರು. ಅವಳ ಲಕೋಟೆಯಲ್ಲಿ ಇದ್ದದ್ದು ಅದರ ಅರ್ಧದಷ್ಟು.

"ನನ್ನ ಗರಗಸದ ಮಷೀನ್ ಇದೆಯಲ್ಲ" ಎಂದ ಬಡಗಿ. "ಮಾರಿಬಿಡ್ತೀನಿ. ಅದನ್ನ ಕೇಳ್ತಾ ಇರೋರು ಒಬ್ಬರಿದ್ದಾರೆ."

"ಆಮೇಲೆ? ಮರವನ್ನ ಹಲ್ಲಲ್ಲಿ ಕಚ್ಚಿ ಕುಯ್ತೀರಾ?"

"ಕೈಗರಗಸ ಇಲ್ವಾ? ನಮ್ಮಪ್ಪ ಅದ್ರಲ್ಲೇ ಜೀವನ ಮಾಡ್ಲಿಲ್ವಾ? ನಿನ್ನ ಸುಖಕ್ಕಿಂತ ಹೆಚ್ಚಾ ಅದು?"

ಅವಳಿಗೆ ಸಿಟ್ಟು ಬಂತು. ಇದ್ದಕ್ಕಿದ್ದಂತೆ, ಕಾದ ಎಣ್ಣೆಗೆ ನೀರು ಬಿದ್ದಂತೆ. "ನೀವು ಸೊಂಟ ಮುರ್ಕೊಂಡು ಮರ ಕುಯ್ಯೋದು, ನಾನು ಇಲ್ಲಿ ಸುಖವಾಗಿ ಕಮಾನು ಎಳೆಯೋದು! ಒಳ್ಳೇ ಸುಖ! ಅದೂ ಅಲ್ದೆ ಇದರ ಎದೆ ಇಡೀ ಮರ ಕಣ್ರೀ. ಪ್ರತಿ ಬೇಸಿಗೆ ಬಂದಾಗ್ಲೂ ಈಗ ಸೀಳುತ್ತೋ ಆಗ ಸೀಳುತ್ತೋ ಅಂತ ಇದರ ಮುಂದೆ ಕಾವಲು ಕೂತಿರ್ಲಾ?"

ಮಾತು ಬಾಯಿಂದ ಜಾರಿದ ಮೇಲೆ ಅವಳೂ ಬೆಚ್ಚಿದಳು. ತಂತಿ ಮಾಮ ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕತೊಡಗಿದರು.

"ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಬಡಗಿ ಹೊರಗೆ ನಡೆದ.

ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಎದುರಿನ ಕಟಿಂಗ್ ಅಂಗಡಿಯಲ್ಲಿ ಯಾರೋ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದರು. ಬಡಗಿ ತಂತಿ ಮಾಮನ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತ. ಅದು ಅವನ ಹಳೆಯ ಅಭ್ಯಾಸ. ಎಲ್ಲಿಗೆ ಹೋದರೂ ಅವನು ನಿಲ್ಲುವುದು ಹೀಗೇ. ಒಳಗೆ ಅವಳು ಮತ್ತೆ ಮೀಟತೊಡಗಿದಳು. ಯಾವುದು ಅಂತ ಅವನಿಗೆ ಕಾಣುತ್ತಿರಲಿಲ್ಲ. ಮೊದಲು ಒಂದಿಷ್ಟು ಬಂತು, ಚೆನ್ನಾಗಿತ್ತು, ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಂತು. ಅದು ಇಟ್ಟಿಗೆಯೊಳಗಿನಿಂದ ಹಾದು, ಎರಡು ಹೆಗಲ ಮೂಳೆಗಳ ನಡುವೆ ಬಂದು, ಅಲ್ಲೇ ಕುಳಿತಿತು. ಬಡಗಿ ಕಣ್ಣು ಅಗಲಿಸಿದ. ನಾಲ್ಕು ತಿಂಗಳಿಂದ ಆ ಜಾಗ ಖಾಲಿ ಬಿದ್ದಿತ್ತು ಎಂಬುದು ಅವನಿಗೆ ಆಗ ತಿಳಿಯಿತು.

ದಡಬಡ ಒಳಗೆ ಬಂದ. "ಈಗ ಬಾರಿಸಿದ್ದು ಯಾವುದು?"

"ಈ ಮೂರನೇದು. ಯಾಕೆ?"

ಮೂರನೆಯದು ನೋಡಲು ಏನೂ ಇಲ್ಲ. ಪೂರ್ತಿ ಪ್ಲೈ, ಯಾವುದೋ ಶಾಲೆಯಲ್ಲಿ ಹತ್ತಾರು ವರ್ಷ ದುಡಿದು ಬಂದದ್ದು. ಕಂದು ಬಣ್ಣ ಅಲ್ಲಲ್ಲಿ ಎದ್ದಿತ್ತು, ಪಕ್ಕೆಯಲ್ಲಿ ಮಕ್ಕಳ ಬೂಟಿನ ಗುರುತು. ಬೆರಳುಹಲಗೆ ಮಾತ್ರ ಅಪ್ಪಟ ಕರಿಮರ.

"ಅದೇ ಬೆನ್ನಿಗೆ ಬಂತು" ಎಂದ ಬಡಗಿ.

"ಏನು ಬೆನ್ನಿಗೆ ಬಂತು? ಸರಿಯಾಗಿ ಹೇಳಿ."

ಅವನು ತಲೆ ಕೆರೆದುಕೊಂಡ. ಇಪ್ಪತ್ತೊಂದು ವರ್ಷ ಹೇಳದೆ ಇದ್ದದ್ದನ್ನು ಹೇಳಲು ನಾಚಿಕೆ. "ನನ್ನ ಕಿವಿಗೆ ಏನೂ ತಿಳಿಯಲ್ಲ ಕಣೇ, ಅದು ನಿನಗೆ ಗೊತ್ತಲ್ಲ. ಅದಕ್ಕೇ ನೀನು ಬಾರಿಸುವಾಗ ನಾನು ಹಾಲ್‌ನ ಹಿಂದಿನ ಗೋಡೆಗೆ ಒರಗಿ ನಿಂತ್ಕೋತೀನಿ. ಬೇರೆಯವರದ್ದೆಲ್ಲ ಮೇಲೆ ಮೇಲೆ ಹಾರಿ ಹೋಗುತ್ತೆ. ನಿಂದು ಗೋಡೆಯೊಳಗಿಂದ ಬರುತ್ತೆ."

"ನೀವು ವ್ಯಾನಲ್ಲಿ ಮಲಗಲ್ವಾ?"

"ಮಲಗ್ತಿದ್ರೆ, ಹೋದ ವರ್ಷ ಆ ಹೊಸ ಹಾಲ್‌ನಲ್ಲಿ ಮೂರನೇ ಹಾಡಿನ ನಡುವೆ ನೀನು ಎಡವಿದ್ದು ನಂಗೆ ಹೇಗೆ ಗೊತ್ತಾಗ್ತಿತ್ತು?"

ಅವಳ ಕೈ ತಂತಿಯ ಮೇಲೇ ನಿಂತಿತು. "ಅದು ಯಾರಿಗೂ ಗೊತ್ತಾಗಿರಲಿಲ್ಲ! ಪಿಯಾನೋದವರಿಗೇ ಗೊತ್ತಾಗಿರಲಿಲ್ಲ!"

"ಗೋಡೆಗೆ ಗೊತ್ತಾಗಿತ್ತು" ಎಂದ ಬಡಗಿ.

ತಂತಿ ಮಾಮನಿಗೆ ಈಗ ಉತ್ಸಾಹ ಬಂತು. "ಎಲ್ಲಿ, ಪರೀಕ್ಷೆ ಮಾಡೇ ಬಿಡೋಣ!" ಎಂದು ಬಡಗಿಯನ್ನು ಹೊರಗೆ ಅಟ್ಟಿದರು. ಅವಳು ಎರಡನೆಯದನ್ನೂ ಮೂರನೆಯದನ್ನೂ ಮನಸ್ಸು ಬಂದ ಹಾಗೆ ಅದಲು ಬದಲು ಮಾಡಿ ಬಾರಿಸಬೇಕು. ಮೂರನೆಯದು ಅನಿಸಿದಾಗ ಅವನು ಗೋಡೆ ಗುದ್ದಬೇಕು. ಬಡಗಿ ಗೋಡೆಗೆ ಅಂಟಿಕೊಂಡು ನಿಂತ. ತರಕಾರಿ ಚೀಲ ಹಿಡಿದ ಒಬ್ಬಾಕೆ ಹೋಗುತ್ತಾ ನಿಂತು, "ಏನಣ್ಣ, ಹುಷಾರಿಲ್ವಾ? ನೀರು ಬೇಕಾ?" ಅಂದಳು. "ಬೇಡಮ್ಮ, ಬೇಸ್ ತಗೋತಾ ಇದ್ದೀನಿ" ಅಂದ ಬಡಗಿ, ಅಂದು ಗೋಡೆಗೆ ಒಂದು ಗುದ್ದಿದ. ಆಕೆ ಮತ್ತೆ ತಿರುಗಿ ನೋಡದೆ ಬೇಗ ಬೇಗ ನಡೆದಳು.

ಏಳು ಸಲ ಬಾರಿಸಿದಳು. ಏಳಕ್ಕೆ ಏಳೂ ಸರಿ. ಒಮ್ಮೆ ಅವಳು ಮೋಸ ಮಾಡಲು ಮೊದಲನೆಯದನ್ನು ಎತ್ತಿ ಬಾರಿಸಿದ್ದಳು, ಅದಕ್ಕೂ ಅವನು ಗುದ್ದಲಿಲ್ಲ.

"ಐವತ್ತು ವರ್ಷದಿಂದ ಕಿವಿ ಇರೋರಿಗೆ ವಾದ್ಯ ಮಾರ್ತಾ ಬಂದೆ" ಅಂದರು ತಂತಿ ಮಾಮ. "ಬೆನ್ನು ಇರೋ ಗಿರಾಕಿ ಇದೇ ಮೊದಲು."

ಅವಳು ಮೂರನೆಯದನ್ನು ತಬ್ಬಿಕೊಂಡು ನಿಂತಿದ್ದಳು. "ನೋಡಿ, ಕಮಾನಿಗೆ ಅದು ಚೆನ್ನ, ನಾನು ಇಲ್ಲ ಅನ್ನಲ್ಲ" ಎಂದು ಎರಡನೆಯದನ್ನು ಗದ್ದದಲ್ಲೇ ತೋರಿಸಿದಳು. "ಆದ್ರೆ ನಾನು ಹತ್ತಕ್ಕೆ ಒಂಬತ್ತು ಸಲ ಬಾರಿಸೋದು ಬೆರಳಲ್ಲೇ. ಬೆರಳಿಗೆ ಇದು ಗಟ್ಟಿಯಾಗಿ, ದುಂಡಗೆ ಮಾತಾಡುತ್ತೆ. ನಮ್ಮ ಅಂಚೆಯವರು ಇಲ್ಲಿಯವರೆಗೆ ದೊಡ್ಡಪ್ಪನ್ನ ಎರಡು ಸಲ ಬೀಳಿಸಿದ್ದಾರೆ, ಇದನ್ನ ಬೀಳಿಸಿದ್ರೆ ಅವರ ಕಾಲು ಮುರೀಬಹುದೇ ಹೊರತು ಇದಕ್ಕೇನೂ ಆಗಲ್ಲ. ನನ್ನ ಲಕೋಟೆಗೂ ಹೊಂದುತ್ತೆ. ನಿಮ್ಮ ಗರಗಸವೂ ಉಳಿಯುತ್ತೆ." ಇಷ್ಟು ಹೇಳಿ ಕೆಳಗಿನ ತಂತಿಯನ್ನು ಜೋರಾಗಿ ಮೀಟಿದಳು. ಗುಂಯ್ ಎನ್ನುವುದರ ಜೊತೆಗೆ ಝರ್ರ್ ಎಂಬ ಒಂದು ಅಪಸ್ವರ ಸೇರಿಕೊಂಡಿತು.

ಅವಳ ಮುಖ ಬಾಡಿತು. "ಇದೇನು ಮಾಮ? ಇಷ್ಟೊತ್ತು ಇರಲಿಲ್ಲ. ಒಳಗೇನಾದ್ರೂ ಒಡೆದಿದೆಯಾ?"

ಎಲ್ಲ ಕೈಗೂಡಿತು ಅನ್ನುವಾಗಲೇ ಹೀಗೆ! ಬಡಗಿಗೆ ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಸೆರಗು ಕಂಡಿತು, ಬಿಲ್ ಬರೆಯುವ ಕೆಲಸ ನೆನಪಾಯಿತು. ಯಾರ ಅಪ್ಪಣೆಗೂ ಕಾಯದೆ ನೆಲದ ಮೇಲೆ ಮಂಡಿಯೂರಿ, ಬೆರಳ ಗೆಣ್ಣಿನಿಂದ ವಾದ್ಯದ ಅಂಚಿನ ಸುತ್ತ ಒಂದೊಂದೇ ಅಂಗುಲ ತಟ್ಟುತ್ತಾ ಬಂದ. ಟಕ್, ಟಕ್, ಟಕ್. ಕೆಳಗಿನ ಮೂಲೆಗೆ ಬಂದಾಗ ಸದ್ದು ಟೊಳ್ಳಾಯಿತು. ಜೇಬಿನಿಂದ ಕಾಗದದ ಚೂರು ತೆಗೆದು ಅಲ್ಲಿ ತೂರಿಸಿದ. ಸರಕ್ಕನೆ ಒಳಗೆ ಹೋಯಿತು.

"ಒಡೆದಿಲ್ಲ" ಎಂದ. "ಕೀಲು ಬಿಟ್ಟಿದೆ, ಅಷ್ಟೇ. ಒಂದು ಗೇಣು."

ಒಂದು ಗೇಣು ಎಂಬ ಮಾತು ಬಾಯಿಂದ ಬಂದದ್ದೇ ಅವನು ಕಾಗದದ ಚೂರನ್ನು ಮೆಲ್ಲಗೆ ಹೊರಗೆಳೆದುಕೊಂಡ.

"ಅಷ್ಟೇ ತಾನೇ, ನಾಳೆ ನಾನು ಅಂಟಿಸಿ ಇಟ್ಟಿರ್ತೀನಿ" ಅಂದರು ತಂತಿ ಮಾಮ ಅವಸರವಾಗಿ.

"ಬೇಡ ಮಾಮ" ಅಂದಳು ಅವಳು. "ಇವರೇ ಅಂಟಿಸ್ತಾರೆ."

ಬಡಗಿ ಮಂಡಿಯೂರಿದಲ್ಲಿಂದಲೇ ತಲೆ ಎತ್ತಿದ. "ನಾನಾ?"

"ಯಾಕೆ, ನೀವೇನು ಸತ್ತಿದ್ದೀರಾ?"

ಅವಳ ಕಣ್ಣು ನಗುತ್ತಿತ್ತು, ಒದ್ದೆಯೂ ಆಗಿತ್ತು. ಬಡಗಿ ನಾಲ್ಕು ತಿಂಗಳು ನುಂಗಿದ್ದ ಮಾತು ಅಲ್ಲೇ, ತಂತಿ ಮಾಮನ ಎದುರಿಗೇ ಹೊರಬಂತು. "ದೊಡ್ಡಪ್ಪನ್ನ ನಾನೇ ಒಡೆದೆ ಕಣೇ."

"ಹೌದು, ಒಡೆದ್ರಿ" ಅಂದಳು ಅವಳು. "ಮಾಮನ ಹತ್ರ ಹೋಗೋಣ ಅಂದ್ರೂ ಕೇಳ್ಲಿಲ್ಲ. ನಂಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ? ಬೈದ್ರೆ ನೀವು ಕುಗ್ಗಿಹೋಗ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

"ಬೈಯದೇ ಇದ್ದಿದ್ದಕ್ಕೇ ಕುಗ್ಗಿಹೋದೆ."

"ಹಾಗಾದ್ರೆ ಬೈತೀನಿ ಬಿಡಿ. ಬುದ್ಧಿ ಇಲ್ವಾ ನಿಮಗೆ? ಬೀರುಗೆ ಹಾಕೋ ಅಂಟು ತಂದು ಬೇಸ್‌ಗೆ ಹಾಕ್ತಾರಾ ಯಾರಾದ್ರೂ?"

ಎಂಥ ಸುಖ ಆ ಬೈಗುಳದಲ್ಲಿ! ಬಡಗಿಯ ಉಸಿರು ಹೊಟ್ಟೆಯ ಬುಡದವರೆಗೆ ಇಳಿಯಿತು. ತಂತಿ ಮಾಮ ಹಿಂದಿನ ಕೋಣೆಗೆ ಹೋಗಿ, ಸಣ್ಣ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟು, ಅದರೊಳಗೆ ಅಂಟಿನ ಡಬ್ಬಿ ಇಳಿಸಿ ಬಿಸಿ ಮಾಡಿದರು. ಜೇನಿನ ಬಣ್ಣದ ಅಂಟು, ನಾತ ಮಾತ್ರ ಬೇಡ. ಬಡಗಿ ಅದನ್ನು ಎರಡು ಬೆರಳ ನಡುವೆ ಹಿಡಿದು ನೋಡಿದ.

"ಇಷ್ಟು ನೀರಾ? ಇದು ಹಿಡಿಯುತ್ತಾ ಮಾಮ?"

"ಬೇಕಾದಷ್ಟು ಹಿಡಿಯುತ್ತೆ. ಬೇಕಾದಾಗ ಬಿಡುತ್ತೆ."

ಬಡಗಿ ತೆಳುವಾದ ಕತ್ತಿಯ ತುದಿಯಲ್ಲಿ ಅಂಟು ತೆಗೆದು ಕೀಲಿನೊಳಗೆ ಹರಿಸಿದ. ಮೂವತ್ತು ವರ್ಷ ಉಳಿ ಹಿಡಿದ ಕೈ ಕಲಿಯುವವನ ಕೈಯಂತೆ ಅಳೆದು ಅಳೆದು ಸಾಗಿತು. ಕ್ಲಾಂಪ್ ಬಿಗಿಯುವಾಗ ಅಭ್ಯಾಸಬಲದಿಂದ ಇನ್ನೊಂದು ಸುತ್ತು ತಿರುಗಿಸಲು ಹೋದ, ತಡೆದುಕೊಂಡ, ಅರ್ಧ ಸುತ್ತು ಸಡಿಲಿಸಿದ.

"ಮುಂದಿನ ಬೇಸಿಗೆಗೆ ಮತ್ತೆ ಬಿಟ್ಕೊಂಡ್ರೆ?" ಎಂದು ಕೇಳಿದ.

"ಬಿಟ್ಕೊಂಡ್ರೆ ಮತ್ತೆ ಅಂಟಿಸ್ತೀರಿ" ಅಂದಳು ಅವಳು. "ಮತ್ತೆ ಯಾಕೆ ಇರೋದು ನೀವು?"

ಅಂಟು ಆರಲಿ ಅಂತ ವಾದ್ಯವನ್ನು ಅಲ್ಲೇ ಬಿಟ್ಟು ಇಬ್ಬರೂ ಮನೆಗೆ ಬಂದರು. ಪಿಯಾನೋದವರಿಗೆ ಅವಳು ಫೋನ್ ಮಾಡಿ ಹೇಳಿದ್ದು ಬಡಗಿಗೆ ಅಡುಗೆಮನೆಯವರೆಗೆ ಕೇಳಿಸಿತು. "ಅವನಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳಿ ಸಾರ್, ನಾನು ಬರ್ತಾ ಇದ್ದೀನಿ."

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿನ ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ. ಬಡಗಿ ಹೊಸ ಬೇಸನ್ನು ಹೊತ್ತು ತಂದು ವೇದಿಕೆಯ ಮೇಲಿಟ್ಟ. ದೊಡ್ಡಪ್ಪನಿಗಿಂತ ಭಾರ ಕಡಿಮೆ ಅಂತೇನೂ ಅನಿಸಲಿಲ್ಲ, ಆದರೆ ಬಾಗಿಲಿಗೆ ಒಮ್ಮೆ ತಗುಲಿದಾಗ ಎದೆ ಹೊಡೆದುಕೊಳ್ಳಲಿಲ್ಲ. ಬಾಗಿಲ ಬಣ್ಣವೇ ಕಿತ್ತುಬಂದಿತ್ತು.

ಪಿಯಾನೋದವರು ಬಗ್ಗಿ ನೋಡಿದರು. "ಏನಮ್ಮ, ಪ್ಲೈವುಡ್ಡಾ? ದೊಡ್ಡಪ್ಪನ ಜಾಗಕ್ಕೆ?"

"ಇದು ಚಿಕ್ಕಪ್ಪ" ಅಂದಳು ಅವಳು. "ದೊಡ್ಡಪ್ಪನಷ್ಟು ಗತ್ತಿಲ್ಲ. ಆದ್ರೆ ಎಲ್ಲಿಗೆ ಕರೆದ್ರೂ ಬರ್ತಾನೆ, ಯಾರ ಜೊತೆ ಬೇಕಾದ್ರೂ ಕೂರ್ತಾನೆ."

ಬಡಗಿ ಬೆವರು ಒರೆಸಿಕೊಂಡು ಎಂದಿನಂತೆ ಮೆಟ್ಟಿಲು ಇಳಿಯತೊಡಗಿದ. ಪಿಯಾನೋದವರಿಗೆ ಅವತ್ತು ಏಕೋ ಮನಸ್ಸು ಕರಗಿ, ಮುಂದಿನ ಸಾಲಿನ ಒಂದು ಖಾಲಿ ಕುರ್ಚಿ ತೋರಿಸಿದರು. "ಬನ್ನಿ ಯಜಮಾನ್ರೇ, ಇವತ್ತೊಂದು ದಿನ ವ್ಯಾನ್ ಬಿಡಿ, ಇಲ್ಲೇ ಕೂತು ಕೇಳಿ."

"ಬೇಡ ಸಾರ್" ಅಂದಳು ಅವಳು ತಂತಿ ಸರಿಮಾಡುತ್ತಾ. "ಕೂತ್ರೆ ಅವರಿಗೆ ಕೇಳ್ಸಲ್ಲ."

ಬಡಗಿ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತ. ಹಾಡು ಶುರುವಾಗುವ ಮುಂಚೆ ಅವಳು ಕೆಳಗಿನ ತಂತಿಯನ್ನು ಒಂದೇ ಒಂದು ಸಲ ಮೀಟಿದಳು. ಮೀಟಿ, ಸಾಲು ಸಾಲು ತಲೆಗಳನ್ನು ದಾಟಿ ಅವನ ಕಡೆ ನೋಡಿದಳು. ಝರ್ರ್ ಇಲ್ಲ. ದುಂಡಗೆ ಬಂದು ಹೆಗಲ ನಡುವೆ ಕುಳಿತಿತು. ಬಡಗಿ ಕೈಯನ್ನು ಬೆನ್ನ ಹಿಂದೆ ಕೊಂಡೊಯ್ದು ಗೋಡೆಗೆ ಒಂದು ಗುದ್ದಿದ.